ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತಾ? ಬೆಣ್ಣೆ ತಿಂದರೆ ಬಲ ಬರುತ್ತಾ?

ಪ್ರಶ್ನೆ: ಸರ್, ನಮ್ಮ ಅಪ್ಪಾಜಿಗೆ 61 ವರ್ಷ. ಮೂವತ್ತು ವರ್ಷ ಅಡಿಕೆ, ಹೊಗೆಸೊಪ್ಪು ಹಾಕಿದವರು. ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಹೋದ ವರ್ಷ ಆಪರೇಷನ್ ಆಯಿತು, ಆಮೇಲೆ ಕರೆಂಟ್ ಕೊಟ್ಟರು. ಈಗ ಕುತ್ತಿಗೆಯಲ್ಲಿ ಮತ್ತೆ ಗಂಟು. ಡಾಕ್ಟರು ಇಮ್ಯುನೊಥೆರಪಿ ಇಂಜೆಕ್ಷನ್ ಶುರು ಮಾಡೋಣ ಅಂತಿದ್ದಾರೆ. ನಮ್ಮ ಸೋದರಮಾವ ಮಾತ್ರ ‘ಕ್ಯಾನ್ಸರಿಗೆ ಸಕ್ಕರೆಯೇ ಊಟ, ಅದನ್ನ ಉಪವಾಸ ಕೆಡವಬೇಕು’ ಅಂತ ಎರಡು ತಿಂಗಳಿಂದ ಸಕ್ಕರೆ, ಬೆಲ್ಲ, ಅನ್ನ, ಮಂಡಕ್ಕಿ, ಹಣ್ಣು ಎಲ್ಲಾ ಬಿಡಿಸಿದ್ದಾರೆ. ತೂಕ 57ರಿಂದ 50ಕ್ಕೆ ಬಂದಿದೆ. ಮೊನ್ನೆ ತಮ್ಮನ ಮೊಬೈಲಿಗೆ ಇನ್ನೊಂದು ಬಂತು: ಬೆಣ್ಣೆಯಲ್ಲಿರುವ ಒಂದು ಕೊಬ್ಬು ಕ್ಯಾನ್ಸರ್ ಕೊಲ್ಲುವ ಬಿಳಿ ರಕ್ತಕಣಗಳಿಗೆ ಶಕ್ತಿ ಕೊಡುತ್ತದೆಯಂತೆ, ಅಮೆರಿಕದಲ್ಲಿ ಕಂಡುಹಿಡಿದಿದ್ದಾರಂತೆ. ‘ಹಂಗಾದ್ರೆ ನಮ್ಮೂರ ಬೆಣ್ಣೆದೋಸೆನೇ ಔಷಧಿ’ ಅಂತಾನೆ ಅವನು. ಯಾರ ಮಾತು ಕೇಳೋದು? ಅಪ್ಪಾಜಿಗೆ ಸಕ್ಕರೆ ಕಾಯಿಲೆ ಇಲ್ಲ.
— ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತದ್ದು 57 ಮತ್ತು 50 ಎಂಬ ಅಂಕಿಗಳ ಹತ್ತಿರ. ಎರಡು ತಿಂಗಳಲ್ಲಿ ಏಳು ಕೆಜಿ ಅಂದರೆ ಮೈತೂಕದ ಎಂಟನೇ ಒಂದು ಪಾಲು ಹೋಗಿದೆ. ಇದನ್ನು ಈ ವಾರವೇ ಡಾಕ್ಟರಿಗೆ ತಿಳಿಸಿ, ಇಂಜೆಕ್ಷನ್ನಿನ ದಿನ ಬರಲಿ ಎಂದು ಕಾಯಬೇಡಿ. ಮಾವನವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಬೇಡ. ಅವರು ಹಿಡಿದ ಎಳೆಯಲ್ಲಿ ನಿಜವಿದೆ, ಎಳೆದುಕೊಂಡು ಹೋದ ದಿಕ್ಕು ಮಾತ್ರ ತಪ್ಪು.

ನಿಜ ಎಷ್ಟು ಅಂತ ನೋಡೋಣ. 1920ರ ದಶಕದಲ್ಲಿ ಜರ್ಮನಿಯ ಆಟೊ ವಾರ್ಬರ್ಗ್ ಒಂದು ವಿಚಿತ್ರ ಗಮನಿಸಿದರು. ನಮ್ಮ ಸಾಮಾನ್ಯ ಕೋಶಗಳು ಆಮ್ಲಜನಕ ಸಿಕ್ಕಾಗ ಗ್ಲೂಕೋಸನ್ನು ಪೂರ್ತಿ ಸುಡುತ್ತವೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಅರ್ಧಕ್ಕೇ ಕೈಬಿಟ್ಟು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಗೆ ಚೆಲ್ಲುತ್ತವೆ. ಪೂರ್ತಿ ಸುಟ್ಟರೆ ಒಂದು ಗ್ಲೂಕೋಸಿನಿಂದ ಸುಮಾರು ಮೂವತ್ತು ಎಟಿಪಿ ಸಿಗುತ್ತದೆ. ಎಟಿಪಿ ಅಂದರೆ ಕೋಶದೊಳಗೆ ಚಲಾವಣೆಯಲ್ಲಿರುವ ಶಕ್ತಿಯ ನಾಣ್ಯ ಎಂದುಕೊಳ್ಳಿ. ಅರ್ಧಕ್ಕೆ ಬಿಟ್ಟರೆ ಸಿಗುವುದು ಬರೀ ಎರಡು. ನಿಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸೌದೆ ಹಸಿ ಇದ್ದರೆ ಉರಿಗಿಂತ ಹೊಗೆ ಜಾಸ್ತಿ, ಒಂದರ ಮೇಲೊಂದು ಒಟ್ಟುತ್ತಲೇ ಇರಬೇಕು. ಹಾಗೆಂದು ಕ್ಯಾನ್ಸರ್ ಕೋಶ ದಡ್ಡತನದಿಂದ ಹೀಗೆ ಮಾಡುವುದಿಲ್ಲ. ಬೇಗ ಬೇಗ ಎರಡಾಗುವ ಕೋಶಕ್ಕೆ ಶಕ್ತಿಯ ಜೊತೆ ಇಟ್ಟಿಗೆ, ಗಾರೆಯೂ ಬೇಕು. ಅರ್ಧ ಮುರಿದ ಗ್ಲೂಕೋಸಿನ ಚೂರುಗಳಿಂದ ಅದು ಹೊಸ ಕೋಶ ಕಟ್ಟುವ ಸಾಮಾನು ಮಾಡಿಕೊಳ್ಳುತ್ತದೆ.

ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್ ನಿಂತಿರುವುದೂ ಈ ಗುಣದ ಮೇಲೆಯೇ. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟು, ಎಲ್ಲಿ ಹೆಚ್ಚು ಸೇರಿಕೊಂಡಿತು ಅಂತ ಚಿತ್ರ ತೆಗೆಯುತ್ತಾರೆ. ಆ ಚಿತ್ರ ನೋಡಿದವರಿಗೆ ‘ಸಕ್ಕರೆ ನಿಲ್ಲಿಸಿದರೆ ಆಯಿತಲ್ಲ’ ಅನ್ನಿಸುವುದು ಸಹಜ. ಆದರೆ ಅದೇ ಚಿತ್ರದಲ್ಲಿ ಮಿದುಳೂ ಬೆಳಗುತ್ತದೆ, ಹೃದಯವೂ ಎಷ್ಟೋ ಸಲ ಬೆಳಗುತ್ತದೆ.

ಈಗ ಮಾವನವರಿಗೆ ಯಾರೂ ಹೇಳದ ಭಾಗ. ಓದುವ ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಟಿ ಕೋಶಗಳನ್ನು ಬೆಳೆಸುತ್ತಿದ್ದೆ. ಟಿ ಕೋಶವೆಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ. ವೈರಸ್ ಹೊಕ್ಕ ಕೋಶವನ್ನೋ ಕೆಟ್ಟುಹೋದ ಕೋಶವನ್ನೋ ಗುರುತು ಹಿಡಿದು ಕೊಲ್ಲುವಂಥದ್ದು. ಅವುಗಳನ್ನು ಇಡುವ ದ್ರಾವಣಕ್ಕೆ ಫೀನಾಲ್ ರೆಡ್ ಎಂಬ ಬಣ್ಣ ಹಾಕಿರುತ್ತಾರೆ. ಹುಳಿಯಾದರೆ ಅದು ಹಳದಿಗೆ ತಿರುಗುತ್ತದೆ. ನಿದ್ದೆಯಲ್ಲಿರುವ ಟಿ ಕೋಶಗಳ ಪ್ಲಾಸ್ಕು ದಿನಗಟ್ಟಲೆ ಕಲ್ಲಂಗಡಿ ರಸದ ಕೆಂಪಿನಲ್ಲೇ ಇರುತ್ತಿತ್ತು. ಅವುಗಳಿಗೆ ‘ಶತ್ರು ಬಂದಿದ್ದಾನೆ’ ಎಂಬ ಸೂಚನೆ ಕೊಟ್ಟು ಎರಡು ಮೂರು ದಿನ ಬಿಟ್ಟು ನೋಡಿದರೆ ಪ್ಲಾಸ್ಕು ನಿಂಬೆ ಶರಬತ್ತು! ತಳದಲ್ಲಿ ಕೋಶಗಳು ಮರಳಿನ ಕಾಳುಗಳಂತೆ ಗುಂಪುಗಟ್ಟಿರುತ್ತಿದ್ದವು. ದ್ರಾವಣದ ಗ್ಲೂಕೋಸ್ ಮುಕ್ಕಿ ಲ್ಯಾಕ್ಟಿಕ್ ಆಮ್ಲ ಚೆಲ್ಲಿದ್ದು ಕ್ಯಾನ್ಸರ್ ಕೋಶಗಳಲ್ಲ, ಅದನ್ನು ಕೊಲ್ಲಬೇಕಾದ ಕೋಶಗಳು. ಯುದ್ಧಕ್ಕೆ ಎದ್ದ ಟಿ ಕೋಶ ಕೆಲವೇ ಗಂಟೆಗಳಿಗೊಮ್ಮೆ ಎರಡಾಗುತ್ತದೆ. ಅದರ ಅಡುಗೆಮನೆಯೂ ಕ್ಯಾನ್ಸರಿನ ಅಡುಗೆಮನೆಯೂ ಹೆಚ್ಚು ಕಡಿಮೆ ಒಂದೇ ನಮೂನೆ. ‘ಸಕ್ಕರೆ ತಿನ್ನುವ ಕೋಶ’ ಎಂದು ಬೈಯುವಾಗ ನಾವು ನಮ್ಮ ಸೈನ್ಯಕ್ಕೂ ಸೇರಿಸಿಯೇ ಬೈಯುತ್ತಿದ್ದೇವೆ.

ಗ್ಲೂಕೋಸ್ ಇಲ್ಲದಿದ್ದರೆ ಟಿ ಕೋಶ ಸಾಯುವುದಿಲ್ಲ, ಕೆಲಸ ನಿಲ್ಲಿಸುತ್ತದೆ. ಹೇಗೆ ಎಂಬುದು 2013ರಲ್ಲಿ ಬೆಳಕಿಗೆ ಬಂತು, ನನಗೆ ಇವತ್ತಿಗೂ ಬಹಳ ಇಷ್ಟವಾದ ಸಂಗತಿ ಅದು. ಗ್ಲೂಕೋಸ್ ಮುರಿಯುವ ಸಾಲಿನಲ್ಲಿ ಜಿಎಪಿಡಿಎಚ್ ಎಂಬ ಒಂದು ಕಿಣ್ವವಿದೆ. ಗ್ಲೂಕೋಸ್ ಬರುತ್ತಿರುವ ತನಕ ಅದು ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಬರುವುದು ಕಡಿಮೆಯಾಗಿ ಕೈ ಖಾಲಿಯಾದರೆ ಹೋಗಿ ಇಂಟರ್‌ಫೆರಾನ್ ಗಾಮಾ ಎಂಬ ಅಸ್ತ್ರ ತಯಾರಿಸುವ ಚೀಟಿಯ ಮೇಲೆ ಕೂತುಬಿಡುತ್ತದೆ. ಚೀಟಿ ಇದೆ, ಓದುವಂತಿಲ್ಲ. ಮನೆಯಲ್ಲಿ ರೇಷನ್ ಮುಗಿದಿದೆ ಎಂದು ಗೊತ್ತಾದರೆ ದುಂದು ಖರ್ಚಿಗೆ ಅಡ್ಡ ಕೂರುವ ಅಜ್ಜಿಯ ಹಾಗೆ.

ಗಡ್ಡೆಯೊಳಗೆ ಈ ರೇಷನ್ ಕೊರತೆ ದಿನನಿತ್ಯದ್ದು. 2015ರಲ್ಲಿ ಎರಡು ಸಂಶೋಧನಾ ತಂಡಗಳು ಇಲಿಗಳಲ್ಲಿ ತೋರಿಸಿದ್ದು ಇದನ್ನೇ: ಪಕ್ಕಪಕ್ಕದಲ್ಲಿರುವ ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಬಾಚಿಕೊಂಡು ಟಿ ಕೋಶವನ್ನು ಕುಗ್ಗಿಸಿಬಿಡುತ್ತದೆ. ಅಷ್ಟಕ್ಕೇ ಕಥೆ ಮುಗಿಯಿತು ಎಂದುಕೊಂಡಿದ್ದೆವು. 2021ರಲ್ಲಿ ಇನ್ನೊಂದು ತಂಡ ಗಡ್ಡೆಯೊಳಗಿನ ಒಂದೊಂದು ಬಗೆಯ ಕೋಶವನ್ನೂ ಬೇರೆ ಬೇರೆ ಮಾಡಿ ಅಳೆದಾಗ, ಕೋಶವೊಂದಕ್ಕೆ ಲೆಕ್ಕ ಹಾಕಿದರೆ ಅತಿ ಹೆಚ್ಚು ಗ್ಲೂಕೋಸ್ ಎಳೆಯುತ್ತಿದ್ದದ್ದು ಕ್ಯಾನ್ಸರ್ ಕೋಶವಲ್ಲ. ಅಲ್ಲಿ ನೆಲೆಸಿದ ಮ್ಯಾಕ್ರೋಫೇಜ್ ಮುಂತಾದ ನಮ್ಮದೇ ರಕ್ಷಣಾ ಕೋಶಗಳು! ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ಕಬಳಿಸುತ್ತಿದ್ದದ್ದು ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನು. ಇದೂ ಇಲಿಗಳ ಗಡ್ಡೆಯಲ್ಲಿ ಅಳೆದದ್ದೇ. ಆದರೂ ಸ್ಕ್ಯಾನಿನಲ್ಲಿ ಬೆಳಗುವ ಚುಕ್ಕೆಯೆಲ್ಲ ಶತ್ರುವೇ ಎಂದು ಹೇಳುವ ಧೈರ್ಯ ಈಗ ನನಗಿಲ್ಲ.

ಇನ್ನು ಆ ಹಸಿ ಸೌದೆಯ ಹೊಗೆ, ಅಂದರೆ ಲ್ಯಾಕ್ಟಿಕ್ ಆಮ್ಲದ ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ರೇಷನ್ನಿಗಿಂತ ಇದು ದೊಡ್ಡ ತಂಟೆ. ಚೆಲ್ಲಿದ ಲ್ಯಾಕ್ಟಿಕ್ ಆಮ್ಲ ಗಡ್ಡೆಯೊಳಗೇ ನಿಲ್ಲುತ್ತದೆ. ಅಲ್ಲಿನ ರಕ್ತನಾಳಗಳು ಅಡ್ಡಾದಿಡ್ಡಿ, ಚರಂಡಿ ಸರಿಯಿಲ್ಲದ ಬಡಾವಣೆಯ ಹಾಗೆ. ಕೊಲ್ಲುವ ಟಿ ಕೋಶಗಳು ಆ ಹುಳಿಯಲ್ಲಿ ಮಂಕಾಗುತ್ತವೆ. ಆದರೆ ಟಿ ಕೋಶಗಳಲ್ಲೇ ಇನ್ನೊಂದು ಪಂಗಡವಿದೆ, ‘ಸಾಕು, ಗಲಾಟೆ ಬೇಡ’ ಎಂದು ಉಳಿದವರನ್ನು ತಡೆಯುವಂಥದ್ದು, ನಿಯಂತ್ರಕ ಟಿ ಕೋಶಗಳು. ನಮ್ಮ ದೇಹ ತನ್ನನ್ನೇ ತಾನು ತಿನ್ನದಂತೆ ಕಾಯುವುದು ಅವುಗಳ ಕೆಲಸ. ಅವು ಲ್ಯಾಕ್ಟಿಕ್ ಆಮ್ಲವನ್ನೇ ಉಣ್ಣಬಲ್ಲವು. ಹೀಗೆ ಗಡ್ಡೆಯ ಹೊಗೆಯಲ್ಲಿ ಕೊಲ್ಲುವವರು ಕೆಮ್ಮುತ್ತಾರೆ, ತಡೆಯುವವರು ಹೊಟ್ಟೆ ತುಂಬಿಸಿಕೊಳ್ಳುತ್ತಾರೆ.

ಅಮೈನೊ ಆಮ್ಲಗಳಲ್ಲೂ ಇದೇ ಆಟ. ಟ್ರಿಪ್ಟೊಫ್ಯಾನ್ ಅಂತ ಒಂದಿದೆ, ಹಾಲು, ಬೇಳೆ, ಮೊಟ್ಟೆ ಎಲ್ಲದರಲ್ಲೂ ಇರುವಂಥದ್ದು. ಅದನ್ನು ಮುರಿಯುವ ಐಡಿಒ ಎಂಬ ಕಿಣ್ವದ ಮಹಿಮೆ 1998ರಲ್ಲಿ ಗರ್ಭಿಣಿ ಇಲಿಗಳಲ್ಲಿ ತಿಳಿಯಿತು. ಮಗುವಿನಲ್ಲಿ ಅರ್ಧ ಅಪ್ಪನ ಅಂಶ ಇರುವುದರಿಂದ ತಾಯಿಯ ಟಿ ಕೋಶಗಳಿಗೆ ಅದು ಪರಕೀಯ. ಅವು ಏರಿ ಹೋಗದಂತೆ ಮಾಸು ತನ್ನ ಸುತ್ತಲಿನ ಟ್ರಿಪ್ಟೊಫ್ಯಾನನ್ನು ಖಾಲಿ ಮಾಡಿ ಮಗುವನ್ನು ಕಾಯುತ್ತದೆ. ಅನೇಕ ಕ್ಯಾನ್ಸರ್‌ಗಳು ಇದೇ ಉಪಾಯವನ್ನು ಕದ್ದಿವೆ. ಹಾಗಿದ್ದರೆ ಈ ಕಿಣ್ವಕ್ಕೇ ಬೀಗ ಹಾಕಿದರೆ? ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಎಪಕಾಡೊಸ್ಟಾಟ್ ಎಂಬ ಮಾತ್ರೆ ಬಂತು, ಇಮ್ಯುನೊಥೆರಪಿಯ ಜೊತೆ ಸೇರಿಸಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 706 ರೋಗಿಗಳಲ್ಲಿ ಪರೀಕ್ಷೆ ಮಾಡಿದರು. 2018ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಿಗೂ ನುಂಗದವರಿಗೂ ವ್ಯತ್ಯಾಸವೇ ಇರಲಿಲ್ಲ. ನಮ್ಮ ಕ್ಷೇತ್ರದವರಿಗೆಲ್ಲ ಕೆನ್ನೆಗೆ ಹೊಡೆದಂತಾದ ವರ್ಷ ಅದು. ನಿಮ್ಮ ತಮ್ಮನ ಬೆಣ್ಣೆಯ ಮಾತಿಗೆ ಬಂದಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಅದಕ್ಕೂ ಮೊದಲು ನಿಮ್ಮ ಡಾಕ್ಟರು ಹೇಳಿದ ಇಂಜೆಕ್ಷನ್. ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಕ್ಯಾನ್ಸರ್ ಕೋಶ ಅದನ್ನು ಒತ್ತಿ ಹಿಡಿಯುತ್ತದೆ. ಇಂಜೆಕ್ಷನ್ ಆ ಕೈಯನ್ನು ಬಿಡಿಸುತ್ತದೆ. ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರಿಗೂ ಇಂಥದ್ದೇ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೂ 2018ರಲ್ಲಿ ನೊಬೆಲ್ ಬಂತು. ಸಾಮಾನ್ಯವಾಗಿ ಇಷ್ಟಕ್ಕೇ ಹೇಳಿ ನಿಲ್ಲಿಸುತ್ತಾರೆ. ಆದರೆ ಈ ಬ್ರೇಕ್ ಒತ್ತಿದಾಗ ಟಿ ಕೋಶ ಗ್ಲೂಕೋಸ್ ಒಳಗೆಳೆಯುವುದೂ ಕಡಿಮೆಯಾಗುತ್ತದೆ. 2015ರ ಇಲಿ ಪ್ರಯೋಗದಲ್ಲಿ ಈ ಬಗೆಯ ಇಂಜೆಕ್ಷನ್ ಕೊಟ್ಟಾಗ ಕ್ಯಾನ್ಸರ್ ಕೋಶದ ಬಕಾಸುರತನ ಇಳಿದು ಗಡ್ಡೆಯೊಳಗೆ ಗ್ಲೂಕೋಸ್ ಮತ್ತೆ ಸಿಗತೊಡಗಿತ್ತು. ಅಂದರೆ ಇಮ್ಯುನೊಥೆರಪಿಯೂ ಒಂದು ರೀತಿಯಲ್ಲಿ ಊಟದ ಪಂಕ್ತಿ ಸರಿಮಾಡುವ ಕೆಲಸವೇ. ಒಂದು ಕಡೆ ಈ ಇಂಜೆಕ್ಷನ್ ಕೊಡಿಸಿ ಟಿ ಕೋಶವನ್ನು ಊಟಕ್ಕೆ ಎಬ್ಬಿಸುವುದು, ಇನ್ನೊಂದು ಕಡೆ ಮನೆಯಲ್ಲಿ ಒಲೆ ಆರಿಸುವುದು ಸರಿಹೋಗುವುದಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಯಿ, ಗಂಟಲಿನ ಕ್ಯಾನ್ಸರ್ ಮರುಕಳಿಸಿದವರಲ್ಲಿ ಮುಂಬೈನ ಟಾಟಾ ಆಸ್ಪತ್ರೆಯವರು ಪಿಡಿ-1 ಬ್ರೇಕ್ ಬಿಡಿಸುವ ನಿವೊಲುಮಾಬ್ ಎಂಬ ಇಂಜೆಕ್ಷನ್ನನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ರೂಢಿಯ ಡೋಸು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಕಡಿಮೆ ಪ್ರಮಾಣದ ಕೀಮೋ ಮಾತ್ರೆಗಳ ಜೊತೆ ಇದನ್ನು ಸೇರಿಸಿದಾಗ ಒಂದು ವರ್ಷ ಬದುಕಿದ್ದವರು ಶೇಕಡಾ 43.4, ಮಾತ್ರೆ ಮಾತ್ರ ಪಡೆದವರಲ್ಲಿ ಶೇಕಡಾ 16.3. ಪೂರ್ತಿ ಗುಣವಾಗುವ ಮಾತು ಇದಲ್ಲ. ಆದರೆ ಹೊಲ ಮಾರದೆಯೂ ಪಡೆಯಬಹುದಾದ ದಾರಿ ಇದೆ ಎಂಬುದಕ್ಕೆ ಇದು ಆಧಾರ. ಅಪ್ಪಾಜಿಗೆ ಇದು ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ.

ತಟ್ಟೆಯಿಂದ ಸಕ್ಕರೆ ತೆಗೆದರೆ ಗಡ್ಡೆಗೆ ಸಕ್ಕರೆ ತಪ್ಪುತ್ತದೆಯೇ? ತಪ್ಪುವುದಿಲ್ಲ. ನಮ್ಮ ಇಡೀ ರಕ್ತದಲ್ಲಿ ಯಾವುದೇ ಕ್ಷಣಕ್ಕೆ ಇರುವ ಗ್ಲೂಕೋಸ್ ಸುಮಾರು ಒಂದು ಟೀ ಚಮಚದಷ್ಟು. ಮಿದುಳೊಂದಕ್ಕೇ ದಿನಕ್ಕೆ ನೂರು ಗ್ರಾಂ ಮೇಲೆ ಬೇಕು. ಹಾಗಾಗಿ ಆ ಒಂದು ಚಮಚ ಬತ್ತದಂತೆ ಲಿವರ್ ಹಗಲೂ ರಾತ್ರಿ ಕಾಯುತ್ತದೆ. ಊಟದಿಂದ ಬರದಿದ್ದರೆ ಮಾಂಸಖಂಡ ಕರಗಿಸಿ, ಅದರ ಅಮೈನೊ ಆಮ್ಲಗಳಿಂದ ಗ್ಲೂಕೋಸ್ ತಯಾರಿಸುತ್ತದೆ. ಅಪ್ಪಾಜಿಯ ತೋಳು, ತೊಡೆ ಸಣ್ಣಗಾಗಿರುವುದನ್ನು ನೀವೇ ನೋಡಿರುತ್ತೀರಿ. ಕಳೆದ ಎರಡು ತಿಂಗಳು ಗಡ್ಡೆ ಉಪವಾಸ ಬಿದ್ದಿಲ್ಲ, ಅದಕ್ಕೆ ಬಡಿಸಿದ್ದು ಅವರ ತೊಡೆಯ ಮಾಂಸ. ತೂಕ ಇಳಿದದ್ದರಲ್ಲಿ ರೋಗದ ಪಾಲೂ ಇದೆ, ಎಲ್ಲವನ್ನೂ ಪಥ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ರೋಗದ ಪಾಲು ನಮ್ಮ ಕೈಯಲ್ಲಿಲ್ಲ, ಪಥ್ಯದ್ದು ಇದೆ. ಸಕ್ಕರೆ ಕಾಯಿಲೆ ಇರುವವರ ಲೆಕ್ಕ ಬೇರೆ. ನಿಮ್ಮ ತಂದೆಗೆ ಅದಿಲ್ಲ ಎಂದು ಬರೆದಿದ್ದೀರಿ.

ಇನ್ನು ಬೆಣ್ಣೆ. ತಮ್ಮನಿಗೆ ಬಂದ ಸುದ್ದಿ ಕಟ್ಟುಕತೆಯಲ್ಲ. ಷಿಕಾಗೊ ವಿಶ್ವವಿದ್ಯಾಲಯದ ತಂಡ 2023ರ ನವೆಂಬರಿನಲ್ಲಿ ಪ್ರಕಟಿಸಿದ ಕೆಲಸ ಅದು. ರಕ್ತದಲ್ಲಿ ಹರಿದಾಡುವ ಇನ್ನೂರೈವತ್ತಕ್ಕೂ ಹೆಚ್ಚು ಪೋಷಕಾಂಶಗಳನ್ನು ಜಾಲಾಡಿ, ಟಿ ಕೋಶಗಳನ್ನು ಹುರುಪುಗೊಳಿಸುವಂಥದ್ದು ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ಟ್ರಾನ್ಸ್ ವ್ಯಾಕ್ಸೆನಿಕ್ ಆಮ್ಲ. ಹಸು, ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ, ಹಾಲಿನ ಕೊಬ್ಬಿಗೆ ಬಂದು ಸೇರುತ್ತದೆ. ಇದನ್ನು ಬೆರೆಸಿದ ಆಹಾರ ತಿಂದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು. ರಕ್ತದಲ್ಲಿ ಇದು ಹೆಚ್ಚಿದ್ದ ಕೆಲವು ರೋಗಿಗಳಲ್ಲಿ ಕಾರ್-ಟಿ ಚಿಕಿತ್ಸೆ (ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು ತಿದ್ದಿ ಮರಳಿ ಕೊಡುವಂಥದ್ದು) ಚೆನ್ನಾಗಿ ಫಲಿಸಿದ್ದೂ ಕಂಡಿತು.

ಸಂಶೋಧನೆ ಚೆನ್ನಾಗಿದೆ. ಆದರೆ ಐಡಿಒ ಕಥೆಯೂ ಇಲಿಗಳಲ್ಲಿ ಇಷ್ಟೇ ಚೆನ್ನಾಗಿತ್ತು. ಬೆಣ್ಣೆಯ ಕೊಬ್ಬಿನಲ್ಲಿ ಈ ಆಮ್ಲ ಇರುವುದು ನೂರಕ್ಕೆ ಕೆಲವೇ ಪಾಲು, ಉಳಿದದ್ದು ಬೇರೆ ಕೊಬ್ಬು. ಬೆಣ್ಣೆ ತಿನ್ನಿಸಿ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷೆ ಮಾಡಿ ತೋರಿಸಿದ ಕೆಲಸವಲ್ಲ ಅದು. ಹೆಸರಿನಲ್ಲಿ ‘ಟ್ರಾನ್ಸ್’ ಇದೆಯೆಂದು ವನಸ್ಪತಿಯಲ್ಲೂ ಇದೇ ಸಿಗುತ್ತದೆ ಎಂದುಕೊಂಡೀರಿ. ಅದರಲ್ಲಿರುವ ಟ್ರಾನ್ಸ್ ಕೊಬ್ಬು ಮುಖ್ಯವಾಗಿ ಎಲೈಡಿಕ್ ಎಂಬ ಬೇರೆಯೇ ಬಗೆಯದು, ಹೃದಯಕ್ಕೆ ಕೇಡು. ಬೆಣ್ಣೆಯನ್ನು ಔಷಧಿ ಅನ್ನಬೇಡಿ. 50 ಕೆಜಿಗೆ ಇಳಿದ ಮನುಷ್ಯನಿಗೆ ಅದು ಒಳ್ಳೆಯ ಕ್ಯಾಲೊರಿ, ಆ ಲೆಕ್ಕದಲ್ಲಿ ಧಾರಾಳವಾಗಿ ಕೊಡಿ.

ತಟ್ಟೆಗೂ ಟಿ ಕೋಶಕ್ಕೂ ಮನುಷ್ಯರಲ್ಲೇ ಸಂಬಂಧ ಕಂಡಿರುವ ಒಂದು ದಾರಿ ಇದೆ, ಅದು ಕರುಳಿನ ಮೂಲಕ. 2021ರಲ್ಲಿ ಅಮೆರಿಕದಲ್ಲಿ ಇಮ್ಯುನೊಥೆರಪಿ ಪಡೆಯುತ್ತಿದ್ದ ಮೆಲನೋಮಾ ರೋಗಿಗಳ ಊಟ ವಿಚಾರಿಸಿದಾಗ, ದಿನಕ್ಕೆ 20 ಗ್ರಾಂ ಅಥವಾ ಹೆಚ್ಚು ನಾರಿನಂಶ ತಿನ್ನುತ್ತಿದ್ದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಅಂಗಡಿಯ ಪ್ರೊಬಯಾಟಿಕ್ ಗುಳಿಗೆ ತಿಂದವರಿಗೆ ಲಾಭ ಕಾಣಲಿಲ್ಲ, ಸ್ವಲ್ಪ ಹಿನ್ನಡೆಯೇ ಕಂಡಿತು. ನಾರು ತಿನ್ನುವವರು ಬೇರೆ ರೀತಿಯಲ್ಲೂ ಗಟ್ಟಿಯಿರಬಹುದು, ಹಾಗಾಗಿ ಇದನ್ನೂ ಒಂದು ಸುಳಿವು ಎಂದಷ್ಟೇ ತೆಗೆದುಕೊಳ್ಳುತ್ತೇನೆ. ಆದರೆ ಸುಳಿವನ್ನು ಪಾಲಿಸಲು ಬೇಕಾದದ್ದು ರಾಗಿ, ಕಾಳು, ಸೊಪ್ಪು, ನಷ್ಟವೇನಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಹತ್ತು ಗ್ರಾಂ ಮೇಲೆ ನಾರಿದೆ. ಗುಳಿಗೆಯ ಬದಲು ಮನೆಯ ಮಜ್ಜಿಗೆ ಸಾಕು. ನೆಗಡಿ, ಮೈಕೈ ನೋವಿಗೆಲ್ಲ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ. ಇಮ್ಯುನೊಥೆರಪಿಯ ಆಸುಪಾಸಿನಲ್ಲಿ ಅದನ್ನು ತೆಗೆದುಕೊಂಡವರಿಗೆ ಚಿಕಿತ್ಸೆ ಅಷ್ಟು ಫಲಿಸದಿರುವುದು ಹಲವು ಕಡೆ ಕಂಡಿದೆ. ಡಾಕ್ಟರೇ ಬರೆದುಕೊಟ್ಟರೆ ಮಾತ್ರ ತಪ್ಪದೆ ಕೊಡಿ.

ಕ್ಯಾನ್ಸರ್ ರೋಗಿಗೆ ದಿನಕ್ಕೆ ಮೈತೂಕದ ಕೆಜಿಗೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಎಂಬುದು ಒಪ್ಪಿತ ಲೆಕ್ಕ. ಅಪ್ಪಾಜಿಗೆ ಅದು 1250ರಿಂದ 1500 ಕ್ಯಾಲೊರಿ, 50ರಿಂದ 75 ಗ್ರಾಂ ಪ್ರೋಟೀನ್ ಆಗುತ್ತದೆ. ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು-ಮೊಸರು, ಒಂದು ಹಿಡಿ ಚಳ್ಳಕೆರೆ ಶೇಂಗಾ, ಒಂದು ಬಟ್ಟಲು ಗಟ್ಟಿ ಬೇಳೆ, ರಾಗಿ, ಅನ್ನ ಇಷ್ಟರಲ್ಲಿ ಹತ್ತಿರ ಹತ್ತಿರ ಮುಟ್ಟುತ್ತೀರಿ. ತೊಡಕು ಇರುವುದು ಬಾಯಿಯಲ್ಲಿ. ಕರೆಂಟ್ ಕೊಟ್ಟ ಮೇಲೆ ಜೊಲ್ಲು ಬತ್ತಿರುತ್ತದೆ, ಅಡಿಕೆ ಹಾಕಿದ ಬಾಯಿ ಎಷ್ಟೋ ಜನರಲ್ಲಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯುವುದೂ ಇಲ್ಲ. ಮುದ್ದೆ ಅಗಿಯದೆ ನುಂಗುವ ಊಟ ನಿಜ, ಆದರೆ ಒಣಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಂಬಲಿ ಮಾಡಿ ಮಜ್ಜಿಗೆ ಬೆರೆಸಿ ಕೊಡಿ. ಶೇಂಗಾವನ್ನು ಹುರಿದು ನುಣ್ಣಗೆ ಅರೆದು ಹಾಲಿಗೆ ಹಾಕಿ, ಬೆಲ್ಲ ಸೇರಿಸಿ. ಹೌದು, ಬೆಲ್ಲ! ಬಾಳೆಹಣ್ಣು ಕಿವುಚಿ ಕೊಡಿ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಬಲವಂತ ಮಾಡದೆ ಡಾಕ್ಟರಿಗೆ ಹೇಳಿ. ಕೆಲವು ವಾರದ ಮಟ್ಟಿಗೆ ಮೂಗಿನ ನಳಿಕೆ ಬೇಕಾಗಬಹುದು, ಅದಕ್ಕೆ ಹೆದರುವಂಥದ್ದೇನಿಲ್ಲ. ಪ್ರತಿ ಸೋಮವಾರ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ, ಆ ಚೀಟಿಯನ್ನು ಆಸ್ಪತ್ರೆಗೆ ಒಯ್ಯಿರಿ.

ಬೆಣ್ಣೆದೋಸೆ ಕೊಡಬಹುದೇ ಎಂದು ಕೊನೆಗೂ ಕೇಳಿಯೇ ಕೇಳುತ್ತೀರಿ. ಕೊಡಿ. ಗರಿಗರಿ ಅಂಚನ್ನು ತಮ್ಮನಿಗೆ ಬಿಡಿ, ಅದು ಕರೆಂಟ್ ತಿಂದ ಬಾಯಿಗೆ ಗಾಜಿನ ಚೂರಿನ ಹಾಗೆ ಚುಚ್ಚುತ್ತದೆ. ನಡುವಿನ ಮೆತ್ತನೆ ಭಾಗವನ್ನು ಚಿವುಟಿ, ಆಲೂಗಡ್ಡೆ ಪಲ್ಯದ ಜೊತೆ ಮೊಸರಿನಲ್ಲಿ ನೆನೆಸಿ, ಮೇಲಿನ ಬೆಣ್ಣೆ ಪೂರ್ತಿ ಕರಗಿದ ಮೇಲೆ ಕೊಡಿ. ಖಾರದ ಚಟ್ನಿ ಈಗ ಬೇಡ.